ಮೂರನೆಯ ಕ್ರಿಯಾಪದ ನನ್ನದು

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಆ ಗೇಟಿಗೆ ಬೀಗ ಹಾಕಿದವನು ನಾನು, ಸುಧಾ ಮೇಡಂ — ನೀವಲ್ಲ. ಇದು ನಿಮಗೆ ಗೊತ್ತು. ಉಳಿದವರಿಗೆ ಗೊತ್ತಿರಲಿಲ್ಲ, ಗೊತ್ತಾಗದಂತೆ ಬರೆದವನೂ ನಾನೇ.

ಜೆ.ಪಿ. ನಗರದ ಆ ಕಟ್ಟಡದ ಎರಡನೇ ಮಹಡಿಯಲ್ಲಿ, ಇಂಗ್ಲಿಷ್ ಕೋಚಿಂಗ್ ಸೆಂಟರ್‌ನಲ್ಲಿ ನಾವಿಬ್ಬರೂ ಪಾಠ ಹೇಳುತ್ತಿದ್ದೆವು. ಟೆಸ್ಟ್ ಶುರುವಾದ ಮೇಲೆ ಮೆಟ್ಟಿಲ ತುದಿಯ ಕಬ್ಬಿಣದ ಗೇಟ್ ಎಳೆದು ಬೀಗ ಹಾಕುವುದು ಅಲ್ಲಿನ ಪದ್ಧತಿ — ತಡವಾಗಿ ಬಂದವರು ನುಗ್ಗಬಾರದೆಂದು. ಬೀಗ ಹಾಕಿದವರು ಒಳಗೇ ಇರಬೇಕು, ಕೀ ಮೇಜಿನ ಮೇಲಿರಬೇಕು. ಅವತ್ತು ನಾನು ಹೊರಗಿನಿಂದ ಹಾಕಿದೆ. ಕೀಯನ್ನು ಜೇಬಿಗಿಳಿಸಿ ಎದುರಿನ ದರ್ಶಿನಿಗೆ ಹೋದೆ. ಕಾಫಿಗೆ. ಬೇರೆ ಕಾರಣವಿಲ್ಲ.

ಅರ್ಧ ಲೋಟ ಮುಗಿದಿತ್ತು. ಪಕ್ಕದಲ್ಲಿ ನಿಂತಿದ್ದ ಆಟೋದವನು ಮೇಲೆ ನೋಡಿ, "ಗುರೂ, ನಿಮ್ ಬಿಲ್ಡಿಂಗ್ ಅಲ್ವಾ ಅದು, ಹೊಗೆ ಬರ್ತಿರೋದು?" ಎಂದ.

ಆ ಮೆಟ್ಟಿಲುಗಳನ್ನು ನಾನು ಈಗಲೂ ಹತ್ತುತ್ತಿರುತ್ತೇನೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಗೇಟಿನ ಸಂದಿಗಳಿಂದ ಹೊರಗೆ ಚಾಚಿದ ಮಕ್ಕಳ ಕೈಗಳು — ಒಂದು ಕೈ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು. ಬೀಗಕ್ಕೆ ಅಡ್ಡವಾಗುತ್ತಿದೆಯೆಂದು ಅದನ್ನು ಕೊಡವಿದೆ. ಕೀ ಕೈಜಾರಿ ಕೆಳಗೆ ಬಿತ್ತು. ಒಳಗಿನಿಂದ ನಿಮ್ಮ ದನಿ: "ತಳ್ಳಬೇಡ್ರೋ, ಸಾರ್ ಬಂದ್ರು, ಸಾರ್ ತೆಗೀತಾರೆ." ಎಷ್ಟು ನಂಬಿಕೆಯಿಂದ ಹೇಳಿದಿರಿ. ಕೀ ತಡಕಿ ಎತ್ತಿ ಬೀಗ ತೆಗೆದೆ. ಮಕ್ಕಳೆಲ್ಲ ಹೊರಬಂದ ಮೇಲೆ, ಕೆಮ್ಮುತ್ತಾ, ಕೊನೆಯಲ್ಲಿ ಬಂದಿರಿ. ಗೇಟಿಗೆ ಸಿಕ್ಕಿ ಮೇಘನಾ ಎಂಬ ಹುಡುಗಿಯ ಬೆರಳು ಮುರಿದಿತ್ತು. ನಾನು ಕೊಡವಿದ ಕೈ ಅವಳದೇ ಇರಬಹುದು. ಇರಬಹುದು ಏನು —

ಬೆಂಕಿ ಹತ್ತಿದ್ದು ಯುಪಿಎಸ್‌ಗೆ. ಅದರ ಶಕ್ತಿಗೆ ಮೀರಿದ ಜೆರಾಕ್ಸ್ ಮೆಷೀನನ್ನು ನೀವು ಅದಕ್ಕೆ ಸಿಕ್ಕಿಸಿದ್ದು ನಿಜ. ವಾಸನೆ ಬಂದಾಗ ಕೆಳಗಿನ ಗ್ಯಾರೇಜಿನದೆಂದು ಸುಮ್ಮನಾದದ್ದೂ ನಿಜ. ಎರಡನ್ನೂ ನೀವೇ ಎಲ್ಲರೆದುರು ಒಪ್ಪಿಕೊಂಡಿರಿ. ನಾನು ಬಾಯಿ ಬಿಡಲಿಲ್ಲ.

ನಮ್ಮ ಮಾಲೀಕರು — ಗೊಟ್ಟಿಗೆರೆಯ ತಮ್ಮ ಹೊಲಗಳು ಸೈಟುಗಳಾದ ಮೇಲೆ ಆ ದುಡ್ಡಿನಲ್ಲಿ ಆ ಕಟ್ಟಡ ಕಟ್ಟಿಸಿ ಸೆಂಟರ್ ತೆರೆದವರು — ನನ್ನನ್ನು ಕರೆದರು. "ಪೇರೆಂಟ್ಸ್ ಗ್ರೂಪಿಗೆ ಏನಾದ್ರೂ ಹಾಕ್ಬೇಕು ಸಾರ್. ನಂದು ಬಸ್‌ಸ್ಟ್ಯಾಂಡ್ ಇಂಗ್ಲಿಷು. ನೀವೇ ನೀಟಾಗಿ ಬರ್ಕೊಡಿ."

ನೀಟಾಗಿ ಬರೆದುಕೊಟ್ಟೆ. ಆ ವಾರ ತರಗತಿಯಲ್ಲಿ ಪ್ಯಾರಲಲ್ ಸ್ಟ್ರಕ್ಚರ್ ಪಾಠ ನಡೆದಿತ್ತು. ಒಂದು ವಾಕ್ಯದಲ್ಲಿ ಜೊತೆಯಾಗಿ ಬರುವ ಕ್ರಿಯೆಗಳು ಒಂದೇ ರೂಪದಲ್ಲಿರಬೇಕು. ರನ್ನಿಂಗ್, ಸ್ವಿಮ್ಮಿಂಗ್ ಎಂದ ಮೇಲೆ ಟು ಸಿಂಗ್ ಎನ್ನದೆ ಸಿಂಗಿಂಗ್ ಎನ್ನಬೇಕು. ಆಗ ಓದುವವನು ಎಲ್ಲೂ ತಡವರಿಸುವುದಿಲ್ಲ ಎಂದು ಹೇಳಿಕೊಡುತ್ತಿದ್ದೆ. ಯಾರೂ ತಡವರಿಸದಂತೆಯೇ ಬರೆದೆ: ಸುಧಾ ಮೇಡಂ ಮೆಷೀನ್ ಸಿಕ್ಕಿಸಿದರು, ವಾಸನೆಯನ್ನು ಕಡೆಗಣಿಸಿದರು, ಗೇಟಿಗೆ ಬೀಗ ಹಾಕಿದರು. ಇಂಗ್ಲಿಷಿನಲ್ಲಿ ಮೂರೂ ಕ್ರಿಯಾಪದಗಳು ಒಂದೇ ಅಳತೆಗೆ ಬಂದವು. ಮೊದಲೆರಡು ನಿಜವಾಗಿದ್ದರಿಂದ ಮೂರನೆಯದನ್ನು ಯಾರೂ ಪ್ರಶ್ನಿಸಲಿಲ್ಲ. ಮಾಡಿದವನು ಬೇರೆಯಾದರೆ ಅವನ ಹೆಸರು ಬರಲೇಬೇಕು — ಅದನ್ನೂ ಬೋರ್ಡಿನ ಮೇಲೆ ಬರೆದವನು ನಾನೇ. ಬರೆದು ಮುಗಿಸಿ ಓದಿಕೊಂಡಾಗ ಏನನ್ನಿಸಿತು ಗೊತ್ತೇ? ಸಾಲು ಚೆನ್ನಾಗಿ ಬಂದಿದೆ ಎನ್ನಿಸಿತು. ಅಂಗಿಯಲ್ಲಿ ಇನ್ನೂ ಹೊಗೆಯ ವಾಸನೆ ಇತ್ತು.

ನೀವು ಫೋನಿನಲ್ಲಿ ಅದನ್ನು ಓದಿ ನನ್ನ ಹತ್ತಿರ ಬಂದಿರಿ.

"ಮೂರನೇದು ನೀವಲ್ವಾ, ಸಾರ್?"

"ಸೆಂಟೆನ್ಸ್ ಸರಿಯಾಗಿ ಕೂತಿದೆ ಮೇಡಂ. ಈಗ್ಯಾಕೆ ಮುರಿಯೋದು, ಬಿಡಿ."

ಅಂದದ್ದು ನಾನು. ಈ ಬಾಯಿಂದಲೇ. ನೀವು ಥೂ ಎಂದಿದ್ದರೆ — ಅನ್ನಲಿಲ್ಲ. "ಆಯ್ತು ಸಾರ್" ಎಂದು ಬ್ಯಾಗ್ ತೆಗೆದುಕೊಂಡು ಹೋದಿರಿ.

ನಿಮ್ಮ ಬ್ಯಾಚುಗಳು ನನಗೆ ಬಂದವು. ಮೇಘನಾಳ ಅಪ್ಪ, ಬೀಗ ತೆಗೆದು ಮಗಳನ್ನು ಉಳಿಸಿದವರೆಂದು ನನಗೆ ಕೈಮುಗಿದರು. ನಾನೂ ವಿನಯದಿಂದ ತಲೆ ಬಾಗಿಸಿದೆ. ನೀವು ಬನಶಂಕರಿಯ ಸೆಂಟರ್ ಒಂದರಲ್ಲಿ ಕೆಲಸ ಕೇಳಲು ಹೋದಾಗ ನನ್ನ ಆ ವಾಕ್ಯ ನಿಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತಂತೆ. ಶ್ರೀನಗರದ ನಿಮ್ಮ ಮನೆಯಲ್ಲಿ ಟ್ಯೂಷನ್ ಶುರು ಮಾಡಿದರೆ, 'ಗೇಟಿಗೆ ಬೀಗ ಹಾಕಿದ ಮೇಡಂ' ಎಂದು ಜನ ಮಕ್ಕಳನ್ನು ಬಿಡಿಸಿಕೊಂಡರಂತೆ. ಕೇಳಿಯೂ ಎರಡು ವರ್ಷ ಸುಮ್ಮನಿದ್ದೆ. ಮಲಗಿದರೆ ಕನಸಿನಲ್ಲಿ ಕೀ ಕೈಜಾರುತ್ತಿತ್ತು; ಎದ್ದು ಕೂರುತ್ತಿದ್ದೆ. ಅದನ್ನೇ ಶಿಕ್ಷೆ ಎಂದುಕೊಂಡು ನನ್ನ ಮೇಲೆ ನಾನೇ ಮರುಗುತ್ತಿದ್ದೆ.

ಆ ಪೇರೆಂಟ್ಸ್ ಗ್ರೂಪ್ ಇನ್ನೂ ಇದೆ; ಈಗ ಗುಡ್ ಮಾರ್ನಿಂಗ್ ಹೂಗಳಷ್ಟೇ ಬರುತ್ತವೆ. ಕಳೆದ ಭಾನುವಾರ ಅಲ್ಲಿ ಬರೆದೆ: ಬೀಗ ಹಾಕಿದವನು ನಾನು, ಹೊರಗಿನಿಂದ, ಕಾಫಿಗೆಂದು ಹೋಗಲು, ಕೀ ನನ್ನ ಹತ್ತಿರವೇ ಇತ್ತು. ವಾಕ್ಯ ಸೊಟ್ಟಗಿತ್ತು. ತಿದ್ದಲಿಲ್ಲ. ಮಾಲೀಕರು ಫೋನ್ ಮಾಡಿ, "ಎಲ್ಲಾ ಮರ್ತಿದ್ರಲ್ಲ ಸಾರ್, ಯಾಕೆ ಕೆದಕಿದ್ರಿ?" ಎಂದರು. ಸಂಜೆ ಮೇಘನಾಳ ಅಪ್ಪನಿಂದ ಒಂದೇ ಸಾಲು ಬಂತು: "ನಿಮಗೆ ಕೈಮುಗಿದಿದ್ದೆ ನಾನು."

ಬನಶಂಕರಿಯ ಸೆಂಟರ್‌ಗೂ ಹೋಗಿ ಹೇಳುತ್ತೇನೆ. ನೀವು ಕ್ಷಮಿಸಬೇಕೆಂದು ಇದನ್ನು ಬರೆಯುತ್ತಿಲ್ಲ.

ಆ ಭಾನುವಾರ ರಾತ್ರಿ ನಾನು ಬೆಳಗಿನ ತನಕ ಮಲಗಿದೆ, ಸುಧಾ ಮೇಡಂ. ಒಂದು ಸಲವೂ ಎಚ್ಚರವಾಗಲಿಲ್ಲ. ಇಷ್ಟೇ ಸಾಕಾಗಿತ್ತೇ — ಎಂದು ಎದ್ದು ಕೂತಾಗ, ಆ ನಿದ್ದೆಯೂ ನಿಮ್ಮಿಂದ ಕದ್ದದ್ದೆನಿಸಿ ಅಸಹ್ಯವಾಯಿತು.