ತೊಳೆದರೂ ಹೋಗದ ಕೆಂಪು

ಅವ್ವನ ದಾಳಿಂಬೆ ಶರಬತ್ತನ್ನು ಹಳಸಿದ್ದು ಎಂದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ.

ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ನಿಶ್ಚಯವಿರಲಿ, ಬಸುರಿಯ ಕುಬಸವಿರಲಿ, ಶರಬತ್ತು ಅವ್ವನದೇ. ಅಪ್ಪ ಹೋದ ಮೇಲೆ ನಮ್ಮ ಒಲೆ ಉರಿದದ್ದು ಅದರಿಂದಲೇ. ಹಣ್ಣು ಬಿಡಿಸಿ, ಕಾಳನ್ನು ಅರಿವೆಯಲ್ಲಿ ಹಿಂಡಿ, ಸಕ್ಕರೆ, ಏಲಕ್ಕಿ ಬೆರೆಸುತ್ತಿದ್ದಳು. ಮುಂಜಾನೆ ನಸುಗೆಂಪಾಗಿದ್ದದ್ದು ಸಂಜೆಯ ಹೊತ್ತಿಗೆ ಮಾಸುತ್ತಿತ್ತು. ಅಂದಂದೇ ಕುಡಿಯಬೇಕು.

ಕರ್ನಾಟಕ ಏಕೀಕರಣದ ದಿನಕ್ಕೆಂದು ಓಣಿಗೆಲ್ಲ ಶರಬತ್ತು ಹಂಚುವ ಮಾತು ಬಂತು. ನಮ್ಮೆದುರಿನ ಸೋಡಾ ಅಂಗಡಿಯವನು ಬಾಟಲಿ ಹಿಡಿದು ಹಿರಿಯರ ಮುಂದೆ ನಿಂತ. ಕುಂಕುಮದಂಥ ಕೆಂಪು.

“ಖರೆ ದಾಳಿಂಬರಿ ಅಂದ್ರ ಇದುರಿ. ಆಕಿ ಮಾಡಿದ್ದು ನೋಡ್ರಿ, ಬಣ್ಣನ ಇಲ್ಲ. ಹಳಸಿದ್ದು ಕುಡಸ್ತಾಳ.”

ದಿನವಿಡೀ ಬಣ್ಣದ ನೂಲಿನಲ್ಲೇ ಕೈಯಾಡಿಸುವ ನಮ್ಮ ಜನ ಆ ಬಣ್ಣಕ್ಕೇ ಮರುಳಾದರು. ಕೆಲಸ ಅವನ ಪಾಲಾಯಿತು. ಅವ್ವ ತನ್ನ ತಂಬಿಗೆಯ ಶರಬತ್ತನ್ನು ಮೋರಿಗೆ ಸುರಿದು, ಗೋಡೆಗೆ ಮುಖ ಮಾಡಿ ಮಲಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ದಿನ ಬಂತು. ನಾನೇ ಹಣ್ಣು ಹಿಂಡಿ ರಸ ತೆಗೆದುಕೊಂಡು ಹೋದೆ. ಎಲ್ಲರ ಕೈಯಲ್ಲೂ ಅವನ ಲೋಟಗಳಿದ್ದವು. ನಾನೂ ಒಂದು ಲೋಟ ಕೇಳಿ ಪಡೆದು, ಅಲ್ಲೇ ಪಕ್ಕದಲ್ಲಿ ನೂಲಿಗೆ ಬಣ್ಣ ಹಾಕುವ ಕಾಕಾನ ಒಲೆಯ ಮೇಲೆ ಎರಡು ಗಡಿಗೆ ಇಟ್ಟೆ. ಒಂದರಲ್ಲಿ ಅವನದು, ಒಂದರಲ್ಲಿ ನಮ್ಮದು. ಎರಡಕ್ಕೂ ಬಿಳಿ ರೇಷ್ಮೆಯ ಎಳೆ ಹಾಕಿ ಕುದಿಸಿದೆ. ಸೆರಗಿಗೆ ಹೊಸ ಬಣ್ಣ ಬಂದಾಗ ನಾವು ಪರೀಕ್ಷೆ ಮಾಡುವುದು ಹೀಗೆಯೇ. ಆಮೇಲೆ ಎಲ್ಲರೆದುರು ಎಳೆಗಳನ್ನು ನೀರಿನಲ್ಲಿ ತಿಕ್ಕಿ ತೊಳೆದೆ. ಹಣ್ಣಿನ ರಸ ನೀರಿನೊಂದಿಗೇ ಹೋಯಿತು. ಅವನ ಕೆಂಪು ಎಳ್ಳಷ್ಟೂ ಕದಲಲಿಲ್ಲ.

ಕಾಕಾ ಆ ಕೆಂಪು ಎಳೆಯನ್ನು ಬೆಳಕಿಗೆ ಹಿಡಿದು, ಅಂಗಡಿಯವನಿಗೆ, “ಲೇ, ಇದು ನೂಲಿಗೆ ಹಾಕೋ ನಮ್ಮ ಡಬ್ಬಿ ಬಣ್ಣ ಐತಲ್ಲೋ!” ಎಂದ.

ಲೋಟಗಳು ಒಂದೊಂದಾಗಿ ನೆಲಕ್ಕಿಳಿದವು. ಅಂಗಡಿಯವನ ಮುಖ ಕಪ್ಪಿಟ್ಟಿತು. ನನಗಾದ ಖುಷಿಯನ್ನು ಮುಚ್ಚಿಡಲಾರೆ, ಹೊಟ್ಟೆ ತಣ್ಣಗಾಯಿತು.

ಅಷ್ಟಕ್ಕೇ ಬಿಡಲಿಲ್ಲ. ಆ ಎಳೆಯನ್ನು ಅವನ ಕಣ್ಣಿಗೆ ಬೀಳುವಂತೆ ನಮ್ಮ ಬಾಗಿಲ ಚಿಲಕಕ್ಕೆ ಕಟ್ಟಿದೆ. ಅವ್ವನ ಶರಬತ್ತಿಗೆ ಮತ್ತೆ ಜನ ಬರತೊಡಗಿದರು. ಬಂದವರೆಲ್ಲ ಎಳೆಯ ಕಥೆ ಕೇಳಿಯೇ ಹೋಗುತ್ತಿದ್ದರು. ಕೊನೆಗೊಂದು ದಿನ ಅವನೇ ಬಂದ.

“ತಪ್ಪಾತು ತಂಗಿ. ಅದನ್ನ ಬಿಚ್ಚಿಬಿಡವ್ವಾ.”

ಒಳಗಿನಿಂದ ಅವ್ವನೂ ಅಂದಳು, “ಸಾಕು ಬಿಡ ಇನ್ನ.”

“ಬಣ್ಣ ಹೋದ ದಿನ ಬಿಚ್ಚತೀನ್ರಿ, ಅಣ್ಣಾರ,” ಎಂದೆ.

ಮಳೆ ಬಂದಾಗಲೆಲ್ಲ ಅವನು ಅಂಗಡಿಯಲ್ಲಿ ಕುಳಿತು ನಮ್ಮ ಚಿಲಕವನ್ನೇ ನೋಡುತ್ತಿದ್ದ. ಎಳೆ ತೊಯ್ದು ಒಣಗುತ್ತಿತ್ತು, ಕೆಂಪಾಗಿಯೇ.