ಬಾಗಿಲ ಮೇಲೆ ಬೋರ್ಡ್ ಇತ್ತು

ದಾವಣಗೆರೆಯಿಂದ ವರ್ಗವಾಗಿ ಗಾಜುವಾಕದ ಬ್ಯಾಂಕ್ ಶಾಖೆಗೆ ಬಂದ ನನಗೆ ಮೊದಲು ಗೆಳತಿಯಾದವರು ಪಕ್ಕದ ಮೇಜಿನ ಅಧಿಕಾರಿ. ವಿಜಯವಾಡದವರು, ನನಗಿಂತ ಚಿಕ್ಕವರು, ಓಡಾಟವೆಲ್ಲ ವೀಲ್‌ಚೇರಿನಲ್ಲೇ. ನನ್ನ ಹರಕುಮುರುಕು ತೆಲುಗಿಗೆ ನಕ್ಕು, "ನಿಧಾನ ಅಕ್ಕಾ" ಎನ್ನುತ್ತಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ಗ್ರಾಹಕರೊಬ್ಬರ ಜೊತೆ ಮಾತಾಡುತ್ತಿದ್ದವರು ಹಾಗೇ ಮೇಜಿನ ಮೇಲೆ ಕುಸಿದರು. ಎತ್ತಿ ಆಟೊಗೆ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆವು. ಡ್ರಿಪ್ ಹಾಕಿದ ಡಾಕ್ಟರ್ ನನ್ನನ್ನೇ ಗದರಿದರು. "ಮೈಯಲ್ಲಿ ನೀರೇ ಇಲ್ಲ. ಈ ಸೆಕೇಲಿ ಏನೂ ಕುಡಿಯಲ್ವಾ ಇವರು?"

ಗೆಳತಿ ಸುಧಾರಿಸಿಕೊಂಡ ಮೇಲೆ ಅದನ್ನೇ ಕೇಳಿದೆ.

"ಆಫೀಸಿರೋ ದಿನ ಸಂಜೆವರೆಗೂ ಕುಡಿಯಲ್ಲ ಅಕ್ಕಾ. ಕುಡಿದ್ರೆ ಹೋಗಬೇಕಲ್ಲ, ಎಲ್ಲಿಗೆ ಹೋಗಲಿ?"

ನಮ್ಮದು ಹೊಸ ಕಟ್ಟಡ. ವೀಲ್‌ಚೇರ್ ಚಿತ್ರದ ನೀಲಿ ಬೋರ್ಡ್ ಹಾಕಿದ ಟಾಯ್ಲೆಟ್ ಕೆಳಗೇ ಇದೆಯಲ್ಲ!

"ಇದೆ. ಅದರ ಬಾಗಿಲಲ್ಲಿ ನನ್ನ ಕುರ್ಚಿ ಹಿಡಿಸಲ್ಲ. ಬಂದ ವಾರವೇ ಕಟ್ಟಡ ನೋಡ್ಕೊಳ್ಳೋರಿಗೆ ಹೇಳಿದ್ದೆ. ಬೋರ್ಡ್ ಹಾಕಿದ್ದೀವಲ್ಲ ಅಂದ್ರು."

ಶಾಖೆಯಲ್ಲೇ ಉಳಿದಿದ್ದ ಕುರ್ಚಿ ತರಲು ಹೋದವಳು ಅದನ್ನು ಆ ಬಾಗಿಲಿಗೆ ತಳ್ಳಿ ನೋಡಿದೆ. ಗಾಲಿಗಳೆರಡೂ ಚೌಕಟ್ಟಿಗೆ ಬಡಿದು ನಿಂತವು. ಒಳಗೆ, ಹಿಡಿದುಕೊಳ್ಳಲೆಂದು ಗೋಡೆಗೆ ಹಾಕಿದ ಸ್ಟೀಲ್ ಸರಳುಗಳು ಯಾರ ಕೈಯೂ ತಾಗದೆ ಫಳಫಳ ಹೊಳೆಯುತ್ತಿದ್ದವು. ನೋಡಿದ ಮ್ಯಾನೇಜರ್ ತಲೆ ಮೇಲೆ ಕೈ ಇಟ್ಟುಕೊಂಡು, ಕಟ್ಟಡದ ಆರ್ಕಿಟೆಕ್ಟ್‌ಗೆ ಫೋನ್ ಮಾಡಿದರು.

ಆತ ಬಂದಾಗ ಗೆಳತಿಯೂ ಕೆಲಸಕ್ಕೆ ಮರಳಿದ್ದರು. ಬಾಗಿಲಲ್ಲಿ ಸಿಕ್ಕಿಕೊಂಡು ತೋರಿಸಿದರು. "ಕಟ್ಟೋ ಮುಂಚೆ ನನ್ನಂಥೋರನ್ನ ಒಬ್ಬರನ್ನಾದ್ರೂ ಕೇಳಿದ್ರಾ ಸಾರ್?"

ಆತನ ಮುಖ ಬಿಳಿಚಿಕೊಂಡಿತು. "ಇದೇ ಟಾಯ್ಲೆಟ್ ನಕ್ಷೆ ವಿಜಯವಾಡದಲ್ಲೂ ಕೊಟ್ಟಿದ್ದೀನಿ ಮೇಡಂ. ಹೆರಿಗೆ ಆಸ್ಪತ್ರೆಗೆ. ಅದನ್ನ ಇನ್ನೂ ಕಟ್ತಿದ್ದಾರೆ."

ಗೆಳತಿ ಬಾಗಿಲಿಂದ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. "ಗೋಡೆಗೆ ಗಿಲಾವು ಆಗೋಕೆ ಮುಂಚೆ ಹೋಗೋಣ."

ಆ ಶನಿವಾರ ಆರ್ಕಿಟೆಕ್ಟ್, ಗೆಳತಿ, ನಾನು ಮೂವರೂ ವಿಜಯವಾಡಕ್ಕೆ ಹೋದೆವು. ಕುರ್ಚಿ ಎಲ್ಲೆಲ್ಲಿ ತಡೆಯಿತೋ ಅಲ್ಲೆಲ್ಲ ಆರ್ಕಿಟೆಕ್ಟ್ ಇಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದರು. ಹೆಸರು ಬರೆಸುವ ಕೌಂಟರಿನ ಕಟ್ಟೆ ಆಗಲೇ ನನ್ನ ಭುಜದ ಮಟ್ಟಕ್ಕೆ ಎದ್ದಿತ್ತು. ಸಿಬ್ಬಂದಿ ನಿಲ್ಲುವ ಕಡೆ ನಾನಿದ್ದೆ. ಗೆಳತಿ ಎದುರಿಗೆ ಬಂದರು, ಮರುಕ್ಷಣ ಕಟ್ಟೆಯ ಮರೆಯಲ್ಲಿ ಕಾಣಲೇ ಇಲ್ಲ. ದನಿ ಮಾತ್ರ ಕೇಳಿಸಿತು.

"ಅಕ್ಕಾ, ಕಾಣ್ತಿದ್ದೀನಾ?"

ಆರ್ಕಿಟೆಕ್ಟ್ ಮೇಸ್ತ್ರಿಯನ್ನು ಕರೆದು, ಆ ಕಟ್ಟೆ ಒಡೆಯಲು ಹೇಳಿದರು.