ಮಾಮಿ ಕೊಡಿಸಿದ ಅರ್ಧ ಗಂಟೆ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದು ಎಗ್ಮೋರ್ ಮ್ಯೂಸಿಯಮ್ಮಿನಲ್ಲಿ, ಹುಲ್ಲು ತುಂಬಿದ ಚಿರತೆಯ ಗಾಜಿನ ಪೆಟ್ಟಿಗೆಯ ಮುಂದೆ. ಅದು ಚಿರತೆಯದೋ, ಪಕ್ಕದಲ್ಲಿ ನಿಂತಿದ್ದ ಯಾರದೋ ರೇಷ್ಮೆ ಸೀರೆಯದೋ ಗೊತ್ತಿಲ್ಲ. ನನಗಂತೂ ತ್ರಿಪ್ಲಿಕೇನಿನ ಕೆಳಗಿನ ಮನೆ ಮಾಮಿಯೇ ಬಂದು ನಿಂತ ಹಾಗಾಯಿತು...

ಅವತ್ತು ನನ್ನ ಮಗಳಿಗೆ ಹತ್ತು ತುಂಬಿತ್ತು. ಮ್ಯೂಸಿಯಂ ಬೇಕು ಎಂದು ಹಟ ಹಿಡಿದವಳೂ ಅವಳೇ. ಒಳಗೆ ಕಾಲಿಟ್ಟು ಹತ್ತು ನಿಮಿಷವಾಗಿರಲಿಲ್ಲ, "ಅಮ್ಮಾ, ತಣ್ಣಿ. ಅಮ್ಮಾ, ಫೋನ್ ಕುಡು. ಅಮ್ಮಾ, ಬೋರ್ ಅಡಿಕ್ಕುದು, ವೀಟುಕ್ಕು ಪೋಲಾಮಾ?" ನೀರು, ಫೋನು, ಮನೆಗೆ ಹೋಗೋಣ ಎಂಬ ರಾಗ ಶುರುವಾಯಿತು. ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡುವ ಪ್ರಾಣಿ ಅದು. ಅದರಪ್ಪನೋ, ಶೋಳಿಂಗನಲ್ಲೂರಿನ ಆಫೀಸಿನಿಂದ ಫೋನ್ ಮಾಡಿ, "ಕೇಕ್‌ಗೆ ಹೇಳಿದ್ಯಾ?" ಎಂದು ನನ್ನನ್ನೇ ಕೇಳಿದರು. ಇವಳು ನನಗೊಬ್ಬಳಿಗೇ ಮಗಳು ನೋಡಿ!

ನಾನು ಚಿಕ್ಕವಳಿದ್ದಾಗ ನಮ್ಮದು ತ್ರಿಪ್ಲಿಕೇನಿನಲ್ಲಿ ಮಾಳಿಗೆ ಮನೆ. ಮಾಮಿಯದು ಕೆಳಗಿನದು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಕನ್ನಡದವರು. ಅರ್ಧ ಕನ್ನಡ, ಅರ್ಧ ತಮಿಳು, ಎರಡೂ ಗಟ್ಟಿಯಾಗಿ. ನಾಲ್ಕು ಮಕ್ಕಳು, ಗಳಿಗೆಗೊಮ್ಮೆ ಕಾಫಿ ಕೇಳುವ ಗಂಡ. ಇಷ್ಟು ಸಾಲದು ಅಂತ ಊರ ಉಸಾಬರಿಯೆಲ್ಲ ಅವರಿಗೇ ಬೇಕು. ನಮ್ಮ ಮನೆಯ ಹಾಲು ಒಡೆದದ್ದು ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಒಂಬತ್ತು ತುಂಬಿದ ವರ್ಷ ನನಗೆ ಬೇಕಾಗಿದ್ದದ್ದು ಮರೀನಾ ಬೀಚು, ಕುದುರೆ ಸವಾರಿ. ಮಾಮಿ ಪಂಚಾಂಗ ಹಿಡಿದು ಮೆಟ್ಟಿಲು ಹತ್ತಿ ಬಂದರು. ತಾರೀಖು ಲೆಕ್ಕಕ್ಕಿಲ್ಲ, ನಕ್ಷತ್ರದ ಪ್ರಕಾರ ಹುಟ್ಟುಹಬ್ಬ ಮಂಗಳವಾರ, ಅಮ್ಮ ಇನ್ಷೂರೆನ್ಸ್ ಆಫೀಸಿಗೆ ರಜಾ ಹಾಕಲಿ, ಮೂವರೂ ಮ್ಯೂಸಿಯಮ್ಮಿಗೆ ಹೋಗೋಣ ಎಂದು ತೀರ್ಪು ಕೊಟ್ಟರು. ಬೀಚು ಯಾಕೆ ಬೇಡ ಎಂದೆ.

"ಅಲ್ಲಿ ನಿಮ್ಮಮ್ಮ ನಿನ್ ಹಿಂದೇನೇ ಓಡ್ಬೇಕು. ಶುಮ್ಮಾ ಇರು."

ಮಂಗಳವಾರ ಬೆಳಿಗ್ಗೆ ಪಾಯಸದ ಮೊದಲ ಲೋಟವನ್ನೂ ನನ್ನ ಕೈಯಿಂದ ಕಸಿದು ಅಮ್ಮನಿಗೆ ಕೊಟ್ಟರು. ನಾನು ಹುಟ್ಟುಹಬ್ಬ ನನ್ನದು ಎಂದು ಕಿರುಚಿದೆ. "ನಿಂದಾ? ಅವತ್ತು ನೀನೇನೇ ಮಾಡ್ದೆ? ಸುಮ್ನೆ ಬಂದೆ. ಕಷ್ಟ ಪಟ್ಟವಳು ಅವಳು" ಅಂದರು. ನನ್ನ ಹಬ್ಬ, ಇವರ ಯಜಮಾನಿಕೆ! ಮೈಯೆಲ್ಲ ಉರಿದುಹೋಯಿತು.

ಬಸ್ಸಿನಲ್ಲಿ ಅವರ ರೇಷ್ಮೆ ಸೀರೆಯ ನುಸಿಗುಳಿಗೆ ವಾಸನೆಗೆ ನನಗೆ ವಾಕರಿಕೆ ಬರುತ್ತಿತ್ತು. ಮ್ಯೂಸಿಯಮ್ಮಿನಲ್ಲಿ ಮೊದಲು ಕಂಚಿನ ವಿಗ್ರಹಗಳ ಕಟ್ಟಡಕ್ಕೆ ಹೋದೆವು. ಅಲ್ಲೊಂದು ಬೆಂಚು. ಮಾಮಿ ಅಮ್ಮನ ಭುಜ ಒತ್ತಿ ಕೂರಿಸಿ, ನನ್ನ ಮಣಿಕಟ್ಟು ಹಿಡಿದರು.

"ನೀ ಇಲ್ಲೇ ಇರು. ಅರ್ಧ ಗಂಟೆ ಯಾರೂ ನಿನ್ನ ಅಮ್ಮಾ ಅನ್ನಲ್ಲ. ನಾ ಗ್ಯಾರಂಟಿ."

"ಅಯ್ಯೋ, ಅವಳು ಅಳ್ತಾಳೆ ಮಾಮಿ."

"ಅಳ್ಲಿ. ಗಂಟ್ಲಿಗೆ ಒಳ್ಳೇದು."

ಆ ಅರ್ಧ ಗಂಟೆ ಎಂದರೇನು ಅಂತ ನನಗೆ ಆಗ ಎಲ್ಲಿ ಗೊತ್ತಿತ್ತು? ಅಜ್ಜಿ, ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ನಾನು... ಮನೆಯಲ್ಲಿ ಅಮ್ಮನನ್ನು ಕರೆಯದ ಬಾಯೇ ಇರಲಿಲ್ಲ. ಆಫೀಸಿನಿಂದ ಬಂದವಳು ಸೆರಗು ಸಿಕ್ಕಿಸಿ ಒಲೆ ಮುಂದೆ ನಿಂತರೆ, ಮಲಗುವಾಗಲೂ ಯಾರೋ ಒಬ್ಬರು ನೀರು ಕೇಳುತ್ತಿದ್ದರು. ಅವಳು ಕೂತದ್ದನ್ನು ನಾನು ನೋಡಿದ ನೆನಪೇ ಇಲ್ಲ.

ಮಾಮಿ ನನ್ನನ್ನು ಎದುರಿನ ಕಟ್ಟಡಕ್ಕೆ ಎಳೆದೊಯ್ದು ತಿಮಿಂಗಿಲದ ಮೂಳೆಗಳ ಕೆಳಗೆ ನಿಲ್ಲಿಸಿಕೊಂಡರು. ಕೈಯಲ್ಲಿ ಗಂಡನ ದೊಡ್ಡ ವಾಚು, ನಿಮಿಷಕ್ಕೊಮ್ಮೆ ನೋಡುವುದು. ನಡುವೆ ಕಾವಲುಗಾರನ ಮಗಳ ಬಾಣಂತನ ವಿಚಾರಿಸಿದರು. ತಿಮಿಂಗಿಲಕ್ಕೂ "ಪಾವಂ, ಪಾಪ" ಅಂದರು. ನಾನು ಒದ್ದಾಡಿ ಅತ್ತರೂ ಅವರು ಜಗ್ಗಲಿಲ್ಲ. ಕೊನೆಗೆ ನನಗೆ ತಿನ್ನಲು ಮುರುಕು ತೆಗೆಯಲೆಂದು ಕೈಚೀಲದ ಜಿಪ್ ಎಳೆದರು ನೋಡಿ, ಕೈ ಕೊಸರಿಕೊಂಡು ಓಡಿದೆ. ಅಂಗಳ ದಾಟಿ ವಿಗ್ರಹದ ಕಟ್ಟಡದ ಬಾಗಿಲಲ್ಲಿ ನಿಂತು "ಅಮ್ಮಾ!" ಎಂದು ಕಿರುಚಿದೆ.

ಅಮ್ಮ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು, ಎರಡೂ ಕಾಲು ಚಾಚಿ ಕೂತಿದ್ದಳು. ಯಾವ ವಿಗ್ರಹವನ್ನೂ ನೋಡುತ್ತಿರಲಿಲ್ಲ. ತಿರುಗಿದಳು. ಒಂದು ಕ್ಷಣ ನಾನು ಯಾರೆಂದೇ ಅವಳಿಗೆ ಹೊಳೆಯಲಿಲ್ಲವೇನೋ... ಆಮೇಲೆ ಅವಳ ಕಾಲು ಚಪ್ಪಲಿಗಾಗಿ ತಡಕಾಡಿತು. "ಬಂದೆ, ಬಂದೆ" ಅಂದಳು.

ಹಿಂದೆಯೇ ಏದುಸಿರು ಬಿಡುತ್ತ ಬಂದ ಮಾಮಿ ನನಗೆ ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. "ಹದಿನೇಳೇ ನಿಮಿಷ ಕಣೇ" ಎಂದು ಅಮ್ಮನಿಗೆ ವಾಚು ತೋರಿಸಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ನಾನು ಗೆದ್ದೆ ಎಂದು ಕುಣಿದೆ, ಮುಂಡೇದು.

ಮರುವರ್ಷ ಅಣ್ಣಾ ನಗರಕ್ಕೆ ಮನೆ ಬದಲಾಯಿಸಿದೆವು. ಮಾಮಿ ತೀರಿಕೊಂಡಾಗ ಅಮ್ಮ ಒಬ್ಬಳೇ ಹೋಗಿ ಬಂದಳು. ನನಗೆ ಪರೀಕ್ಷೆ ಇತ್ತು, ಅಷ್ಟೇನೂ ಅನ್ನಿಸಲೂ ಇಲ್ಲ.

ಚಿರತೆಯ ಮುಂದಿನಿಂದ ಮಗಳನ್ನು ಎಳೆದುಕೊಂಡು ನಾನು ವಿಗ್ರಹಗಳ ಕಟ್ಟಡಕ್ಕೆ ಹೋದೆ. ಬೆಂಚು ಅದೇಯೋ, ಬೇರೆಯೋ. ಫೋನು ಅವಳ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಕಾಲು ಚಾಚಿದೆ. ಒಂದು ಉಸಿರು ಎಳೆದುಕೊಂಡೆನೋ ಇಲ್ಲವೋ, "ಅಮ್ಮಾ! ಚಾರ್ಜ್ ಇಲ್ಲೆ!" ಥೂ ಇವಳ! ಬೈಯಬೇಕೆಂದು ಬಾಯಿ ತೆರೆದರೆ ಹೊರಬಿದ್ದದ್ದು "ಬಂದೆ, ಬಂದೆ". ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

ಸಂಜೆ ಮನೆಯಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಈಗ ಅವಳು ನಮ್ಮ ಜೊತೆಗೇ ಇದ್ದಾಳೆ. ಅವತ್ತು ಅಲ್ಲಿ ಕೂತು ಏನು ಮಾಡಿದೆ ಎಂದು ಕೇಳಿದೆ.

"ಏನಿಲ್ಲ ಕಣೇ. ಸುಮ್ನೆ ಕೂತಿದ್ದೆ. ಸುಖವಾಗಿತ್ತು." ಮತ್ತೆ ತಾನೇ ಅಂದಳು, "ಮಾಮಿಯನ್ನೂ ಒಂದ್ಸಲ ಹಾಗೆ ಕೂರಿಸ್ಬೇಕು, ಅವರ ನಾಲ್ಕೂ ಮಕ್ಕಳನ್ನ ನಾನು ಹಿಡ್ಕೊಂಡು ನಿಲ್ಬೇಕು ಅಂತಿತ್ತು. ನಾಳೆ, ನಾಡಿದ್ದು ಅಂತ... ಆಗ್ಲೇ ಇಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಕೇಕು ಬಂದಿತ್ತು, ಚಾಕು ಕಾಣಲಿಲ್ಲ. "ಅಮ್ಮಾ, ಚಾಕು ಎಲ್ಲಿ?" ಎಂದು ಕೂಗಲು ಬಾಯಿ ತೆರೆದೆ, ನಲವತ್ತೆರಡು ವರ್ಷದ ಕತ್ತೆ. ಹೊರಗೆ ಅಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಬಾಯಿ ಮುಚ್ಚಿಕೊಂಡು ಒಂದೊಂದೇ ಡ್ರಾಯರ್ ಎಳೆದು ನಾನೇ ಹುಡುಕಿದೆ.